ಗೊಬ್ಬರದ ಚೀಲ ಓದಾಕಿ, ಕ್ರೀಮಿನ ಡಬ್ಬಿ ಓದಲಿಲ್ಲ

ಸಾಂಬ್ರಾಣಿ ಊರಿನ ಸುಶೀಲವ್ವಗ ಮೋಸ ಮಾಡೂ ಅಂಗಡಿಯವ ಇನ್ನೂ ಹುಟ್ಟಿಲ್ಲ ಅಂತ ಓಣ್ಯಾಗ ಮಾತಿತ್ತು. ಅದನ್ನ ಕೇಳಿದಾಗೆಲ್ಲಾ ಆಕಿ ಕುತ್ತಿಗಿ ಒಂದ್ ಗೇಣು ಮ್ಯಾಲೇಳ್ತಿತ್ತು. ಕಬ್ಬಿಗೆ ಗೊಬ್ಬರ ತರಾಕ ಹಳಿಯಾಳಕ್ಕ ಹೋದ್ರ, ಚೀಲದ ಮ್ಯಾಲಿನ ಅಂಕಿ ನೋಡಿ, ಇದರಾಗ ಸಾರಜನಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಕೇಳದ ರೊಕ್ಕದ ಗಂಟು ಬಿಚ್ಚಾಕಿ ಅಲ್ಲ.

ಇಂಥಾಕಿನೂ ಒಂದ್ ಸಲ ಎಡವಿದಳು. ಬಾಗಿಲಿಗೆ ಬಂದ ಮಾರಾವ ಒಂದು ಕ್ರೀಮಿನ ಡಬ್ಬಿ ತೋರಿಸಿ, ಇದನ್ನ ಹಚ್ಚಿದ್ರ ಹುಡುಗಿ ಬೆಳ್ಳಗಾಗ್ತಾಳ ಅಂದ. ಡಬ್ಬಿ ಮ್ಯಾಲೆ ಲೋಳಸರದ ಚಿತ್ರ ಬಿಟ್ರ ಒಂದಕ್ಷರ ಇರಲಿಲ್ಲ. ಮಗಳು ಲಕ್ಷ್ಮಿಗೆ ಅಂತ ತಗೊಂಡಳು.

ಮೊದಮೊದಲು ಮಾರಿ ಫಳಫಳ ಹೊಳೀತು. ಆಮ್ಯಾಲೆ ಬಿಸಲಿಗೆ ಹೋದ್ರ ಉರಿ, ಗಲ್ಲ ಕೆಂಪು, ಮೈತುಂಬ ನಾಚಿಕಿ. ಲಕ್ಷ್ಮಿ ಬಂಗೂರನಗರದ ಕಾಲೇಜು ಬಿಟ್ಟು, ಮಾರಿಗೆ ಓಡಣಿ ಸುತ್ತಿಗೊಂಡು ಒಳಗ ಕುಂತಳು. ಪರೀಕ್ಷಿ ಹತ್ರ ಬಂದಿತ್ತು. ಓದು ಇಲ್ಲಿಗೇ ನಿಲ್ಲತೈತೇನೋ ಅಂತ ತಾಯಿ ಹೆದರಿದಳು.

ಮಗ್ಗಲಮನಿ ರೀನಾ ಸಿದ್ದಿ ಜನಾಂಗದ ಹುಡುಗಿ, ಸರಕಾರಿ ದವಾಖಾನ್ಯಾಗ ಔಷಧಿ ಕೊಡಾಕಿ. ಸುಶೀಲವ್ವ ಡಬ್ಬಿ ಒಯ್ದು ತೋರಿಸಿದಳು. ಆದ್ರ ತಪ್ಪು ಒಪ್ಪೂದು ಅಷ್ಟು ಸಸಾರ ಏನು? ಇದು ಗಿಡಮೂಲಿಕಿದು, ಮಗಳು ಬಿಸಲಾಗ ತಿರುಗಿದ್ದಕ್ಕ ಹಿಂಗಾಗೇತಿ ಅಂತ ವಾದಾ ಹೂಡಿದಳು.

"ಕಬ್ಬಿಗೆ ಹಾಕೂದರಾಗ ಏನೈತಿ ಅಂತ ಕೇಳ್ತಿ ಅಕ್ಕಾ. ಮಗಳ ಮಾರಿಗೆ ಹಚ್ಚೂದರಾಗ ಏನೈತಿ ಅಂತ ಯಾಕ ಕೇಳಲಿಲ್ಲ?" ಅಂದಳು ರೀನಾ.

ಸುಶೀಲವ್ವ ಡಬ್ಬಿ ತಿರುವಿ ತಿರುವಿ ನೋಡಿದಳು. ಇಂಥಾ ಹೆಸರಿಲ್ಲದ ಕ್ರೀಮಿನ್ಯಾಗ ಪಾದರಸ ಇಲ್ಲಾಂದ್ರ ಸ್ಟಿರಾಯ್ಡ್ ಇರಬಹುದು, ಪಾದರಸ ಮೂತ್ರಪಿಂಡ ಕೆಡಸತೈತಿ, ಸ್ಟಿರಾಯ್ಡ್ ಚರ್ಮ ತೆಳ್ಳಗ ಮಾಡತೈತಿ ಅಂತ ರೀನಾ ತಿಳಿಸಿ ಹೇಳಿದಳು. ಡಬ್ಬಿ ಸಮೇತ ತಾಯಿ-ಮಗಳನ್ನ ಚರ್ಮದ ಡಾಕ್ಟರ ಕಡೆ ಕರಕೊಂಡು ಹೋದಳು. ದಾರ್ಯಾಗ ಲಕ್ಷ್ಮಿಗೆ ತನ್ನ ಕೈ ಚಾಚಿ ತೋರಿಸಿದಳು.

"ಈ ಕಪ್ಪು ನಮ್ಮಜ್ಜಿ ಕೊಟ್ಟಿದ್ದು. ತಿಕ್ಕಿ ತಗಿಯಾಕ ಇದೇನ್ ಕೊಳಿ ಅಲ್ಲ."

ಡಾಕ್ಟರು ಕೊಟ್ಟ ಔಷಧಿಗೆ ಲಕ್ಷ್ಮಿ ಮಾರಿ ನಿಧಾನಕ್ಕ ಆರಿತು. ಡಾಕ್ಟರು ಒಣ ಚರ್ಮಕ್ಕ ಸಾದಾ ಕ್ರೀಮ್ ಸಾಕು ಅಂದಾಗ, ತಾಯಿ-ಮಗಳು ಅಂಗಡ್ಯಾಗ ಎರಡು ಡಬ್ಬಿ ಇಟ್ಟು ನೋಡಿದರು. ಎರಡರ ಮ್ಯಾಲೂ ಲೋಳಸರದ ಚಿತ್ರ. ಲಕ್ಷ್ಮಿ ಡಬ್ಬಿ ಹಿಂದಿನ ಇಂಗ್ಲೀಷ್ ಪಟ್ಟಿ ಓದಿದಳು, ಯಾವುದು ಚಲೋ ಅಂತ ತಾಯಿ ಅಳೆದು ತೂಗಿದಳು. ಹೆಚ್ಚಿದ್ದದ್ದನ್ನ ಮೊದಲು ಬರೀತಾರ ಅಂತ ರೀನಾ ಹೇಳಿಕೊಟ್ಟಿದ್ದಳು. ಒಂದರ ಪಟ್ಟಿಯೊಳಗ ಲೋಳಸರ ನೀರಿನ ಬೆನ್ನಿಗೇ ಇತ್ತು. ಇನ್ನೊಂದರಾಗ ಸುವಾಸನಿ ದಾಟಿ ಬಾಲಕ್ಕ ಬಿದ್ದಿತ್ತು. ಸುಶೀಲವ್ವ ಬಾಲದ್ದನ್ನ ಅಲ್ಲೇ ಇಟ್ಟು, ಮೊದಲಿಂದನ್ನ ತಗೊಂಡು ಬಂದಳು.

ಮೊನ್ನಿ ಅದೇ ಮಾರಾವ ಮತ್ತ ಓಣಿಗೆ ಬಂದ. ನೆರಿಮನಿ ಶಿವವ್ವ ಡಬ್ಬಿಗೆ ಕೈ ಚಾಚಿದ್ದಳು, ಸುಶೀಲವ್ವ ನಡುವ ನಿಂತು ಇದರಾಗ ಏನೈತಿ ಹೇಳು ಅಂದಳು. ಹಚ್ಚಿ ನೋಡ್ರಿ, ಗೊತ್ತಾಗತೈತಿ ಅಂದ ಅವ.

"ನಾವು ಓದಿ ಹಚ್ಚಾವರು."

ಅವ ಚೀಲ ಕಟ್ಟಿ ಹಾದಿ ಹಿಡಿದ. ಅದ ಹೊತ್ತಿಗೆ ಲಕ್ಷ್ಮಿ, ಓಡಣಿ ಹೆಗಲಿಗೆ ಹಾಕ್ಕೊಂಡು, ಮಾರಿ ಎತ್ತಿ ಕಾಲೇಜಿನ ಬಸ್ಸಿಗೆ ಹೊಂಟಿದ್ದಳು. ಹುಟ್ಟು ಬಣ್ಣದ ಆ ಮಾರಿ ನೋಡಿ ಸುಶೀಲವ್ವಗ ಎದಿ ತುಂಬಿ ಬಂತು.

ಅಕ್ಕಾರ, ತಮ್ಮಂದಿರಾ, ಡಬ್ಬಿ ಮುಂದಿನ ಚಿತ್ರಕ್ಕ ಮರುಳಾಗಬ್ಯಾಡ್ರಿ, ತಿರುಗಿಸಿ ಓದ್ರಿ. ಒಳಗೇನೈತಿ, ಯಾರು ಮಾಡ್ಯಾರ, ಯಾವಾಗ ಮಾಡ್ಯಾರ ಅಂತ ಬರದಿಲ್ಲಂದ್ರ ಮುಟ್ಟಬ್ಯಾಡ್ರಿ. ಹೊಸಾದು ತಂದ್ರ ಮೊದಲು ಮೊಳಕೈ ಒಳಮಗ್ಗಲಿಗೆ ಚೂರು ಹಚ್ಚಿ ಎರಡು ದಿನ ನೋಡ್ರಿ. ಉರಿ, ತುರಿಕಿ ಬಂದ್ರ ಡಬ್ಬಿ ತಗೊಂಡು ಡಾಕ್ಟರ ಕಡೆ ಹೋಗ್ರಿ. ಹೊಲಕ್ಕ ಹಾಕೂ ಮುಂದ ಕೇಳೂ ಮಾತನ್ನ ಮಕ್ಕಳ ಮೈಗೆ ಹಚ್ಚೂ ಮುಂದನೂ ಕೇಳ್ರಿ: ಇದರಾಗ ಏನೈತಿ?