ಹೊದಿಕೆಯೊಳಗಿನ ಕೈ

ಮಗಳು ತಂದೆಯ ಉಗುರುಸಂದಿಗಳಲ್ಲಿ ಕೂತಿದ್ದ ಹಸಿರು ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಬೆರಳುಗಳು ತಣ್ಣಗಾಗಿ ಸೆಟೆದಿದ್ದವು, ಬಣ್ಣ ಬಿಡುವಂತಿರಲಿಲ್ಲ.

“ಸಾಕು ಬಿಡಮ್ಮ,” ಎಂದರು ಚಿಕ್ಕಪ್ಪ. “ಬೋರ್ಡ್ ಬರೆಯೋ ಕೈ ಅದು. ಬಣ್ಣ ಇದ್ರೇನೇ ಲಕ್ಷಣ.”

ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಗೇಟಿನ ಬಳಿ ಶವ ಒಯ್ಯುವ ವ್ಯಾನು ಬಾಗಿಲು ತೆರೆದು ನಿಂತಿತ್ತು. ಮೂಲೆಯ ಹೋಟೆಲಿನವನು ಟೀ ಹಂಚುತ್ತಾ ಹೇಳುತ್ತಿದ್ದ: “ನನ್ನ ಹೋಟೆಲ್ ಮೇಲೆ ‘ಶುಚಿ ರುಚಿ’ ಅಂತ ಎಷ್ಟು ಚೆನ್ನಾಗಿ ಬರೆದ್ರು ಅಂದ್ರೆ, ಆ ಬೋರ್ಡ್ ನೋಡಿ ನನಗೇ ನಾಚಿಕೆಯಾಗಿ ಅಡುಗೆಮನೆ ತೊಳೆಸಿದೆ!”

ನಗು ಎದ್ದಿತು, ಸಾವಿನ ಮನೆಯೆಂದು ನೆನಪಾಗಿ ಅಡಗಿತು.

“ಒಂದು ಚಟ ಇರ್ಲಿಲ್ಲ ಪುಣ್ಯಾತ್ಮನಿಗೆ,” ಎಂದು ಮಗಳ ಅತ್ತೆ ಕಣ್ಣೊರೆಸಿಕೊಂಡರು. “ಇಂಥ ಬೀಗರು ಸಿಗ್ತಾರಾ?”

ಬಟ್ಟೆ ಹಿಡಿದ ಅವಳ ಕೈ ನಿಂತಿತು.

*

ಹಿಂದಿನ ದಿನ ಆಸ್ಪತ್ರೆಯಲ್ಲೂ ಅತ್ತೆ ಫ್ಲಾಸ್ಕು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಪಾರ್ಶ್ವವಾಯು ಬಡಿದ ತಂದೆಯ ಬಲಗೈ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಡಾಕ್ಟರು ಕೇಳಿದರು: “ಬೀಡಿ, ಕುಡಿತ, ಗಾಂಜಾ... ಏನಾದ್ರೂ ಅಭ್ಯಾಸ ಇತ್ತಾ? ಮುಚ್ಚಿಡಬೇಡಿ. ಗೊತ್ತಿದ್ರೆ ಚಿಕಿತ್ಸೆಗೆ ಅನುಕೂಲ.”

“ನಮ್ಮಪ್ಪನಿಗಾ? ಟೀ ಬಿಟ್ರೆ ಏನೂ ಇಲ್ಲ ಡಾಕ್ಟ್ರೇ.”

ಮಾತು ಸಲೀಸಾಗಿ ಬಂದಿತ್ತು. ಬಣ್ಣದ ಶೆಡ್ಡಿನಿಂದ ವರ್ಷಗಟ್ಟಲೆ ಹೊರಬೀಳುತ್ತಿದ್ದ ಹೊಗೆಯನ್ನು ಟರ್ಪೆಂಟೈನಿನ ವಾಸನೆಯೆಂದು ನೆರೆಯವರಿಗೆ ಹೇಳಿ ಹೇಳಿ ಪಳಗಿದ ನಾಲಿಗೆ. ಹಾಸಿಗೆಯ ಕಾಲ್ದೆಸೆಯಲ್ಲಿದ್ದ ಅವಳ ತಮ್ಮ ಕಿಟಕಿಯತ್ತ ತಿರುಗಿಕೊಂಡ.

ಆಗ ತಂದೆಯ ಎಡಗೈ ಅಲುಗಿತು. ತೋರುಬೆರಳು ಹಾಸಿಗೆಯ ಬಟ್ಟೆಯ ಮೇಲೆ ಗೆರೆ ಎಳೆಯತೊಡಗಿತು. ಬೋರ್ಡಿನ ಮೇಲೆ ಮಾಡುತ್ತಿದ್ದಂತೆಯೇ ಮೊದಲು ಅಕ್ಷರದ ಹೊರ ಅಂಚು. ಒಳಗೆ ತುಂಬುವುದು ಆಮೇಲೆ. ಚಿಕ್ಕಂದಿನಲ್ಲಿ ಏಣಿಯ ಬುಡದಲ್ಲಿ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳಿಗೆ ಆ ಕೈಯ ತಿರುವು ನೋಡಿದರೇ ಅಕ್ಷರ ಗೊತ್ತಾಗುತ್ತಿತ್ತು. ‘ಗಾಂ’ ಮೂಡಿತು. ಬೆರಳು ಮುಂದಿನ ಅಕ್ಷರಕ್ಕೆ ಸರಿಯಿತು.

“ಅಪ್ಪನಿಗೆ ಚಳಿ,” ಎಂದು ಅವಳು ಆ ಕೈಯನ್ನು ಹಿಡಿದು ಹೊದಿಕೆಯೊಳಗೆ ತಳ್ಳಿದಳು.

ಡಾಕ್ಟರು ಪಕ್ಕದ ಹಾಸಿಗೆಗೆ ಹೋದರು. ತಂದೆ ಅವಳನ್ನೇ ನೋಡಿದರು. ಕೈಯನ್ನು ಮತ್ತೆ ಹೊರತೆಗೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಮಿದುಳಿಗೆ ಎರಡನೆಯ ಹೊಡೆತ ಬಿದ್ದಿತ್ತು. ಹೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅವಳಿಗೆ ತಿಳಿಯದು. ಯಾರನ್ನಾದರೂ ಕೇಳೋಣವೆಂದರೆ, ಕೇಳುವ ಮೊದಲು ಹೇಳಬೇಕಿತ್ತು.

*

“ಆಸ್ಪತ್ರೆ ಹಾಸಿಗೆ ಮೇಲೂ ಎಡಗೈಯಲ್ಲಿ ಬೋರ್ಡ್ ಬರೀತಿದ್ದನಂತೆ ಕಣ್ರೀ!” ಚಿಕ್ಕಪ್ಪ ಕುರ್ಚಿಗಳತ್ತ ತಿರುಗಿ ಹೇಳಿದರು.

ಅವಳು ತಲೆ ತಗ್ಗಿಸಿಕೊಂಡು ಶೆಡ್ಡಿನತ್ತ ಎದ್ದುಹೋದಳು. ಒಳಗಿಂದ ಅದೇ ಹೊಗೆ. ತಂದೆಯಿಂದ ಕಸುಬನ್ನೂ ಚಟವನ್ನೂ ಕಲಿತಿದ್ದ ತಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದ.

“ಇವತ್ತೂನಾ?”

“ಟೀ ಕುಡೀತಿದ್ದೆ ಅಕ್ಕ,” ಎಂದು ಕುಟುಕಿದ. “ನಮ್ಮನೇಲಿ ಟೀ ಬಿಟ್ರೆ ಇನ್ನೇನಿದೆ?”

ಅವಳು ಶೆಡ್ಡಿನ ಬಾಗಿಲೆಳೆದು ಚಿಲಕ ಹಾಕಿದಳು.

ಅಂಗಳಕ್ಕೆ ಬಂದವನಿಗೆ ಹೋಟೆಲಿನವನು ಲೋಟ ಚಾಚಿದ. ಲೋಟ ಬೆರಳುಗಳ ನಡುವಿನಿಂದ ಜಾರಿ ಬಿತ್ತು. ತಮ್ಮ ತಟ್ಟನೆ ಎಡಗೈಯಿಂದ ತನ್ನದೇ ಬಲಗೈಯನ್ನು ಹಿಡಿದು ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

“ಜೋಮು ಹಿಡಿದಿದೆ, ಅಷ್ಟೇ.” ನಾಲಿಗೆ ತೊದಲಿತು.

“ಪಾಪ, ನಿದ್ದೆಗೆಟ್ಟಿದಾನೆ,” ಎಂದರು ಅತ್ತೆ. ಸೊಸೆಯ ಕಿವಿಯ ಬಳಿ ದನಿ ತಗ್ಗಿಸಿದರು: “ಒಳಗೆ ಮಲಗಿಸಮ್ಮ. ನಾಲ್ಕು ಜನ ಏನಂದ್ಕೋತಾರೆ?”

“ಹೊರಡೋಣ್ವಾ?” ಎಂದು ಚಿಕ್ಕಪ್ಪ ವ್ಯಾನಿನವನನ್ನು ಕೂಗಿದರು.

“ಅಪ್ಪ ಕಾಯ್ತಾರೆ.” ಅವಳ ದನಿ ಕೊನೆಯ ಕುರ್ಚಿಗೂ ಕೇಳುವಷ್ಟಿತ್ತು. “ಮೊದಲು ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗಾಂಜಾ ಸೇದಿದಾನೆ. ಅಪ್ಪನೂ ಸೇದ್ತಿದ್ರು. ನಾನು ಡಾಕ್ಟ್ರಿಗೆ ಸುಳ್ಳು ಹೇಳಿದೆ.”

ಒಂದು ಕುರ್ಚಿಯೂ ಕದಲಲಿಲ್ಲ. ಅತ್ತೆ ಮುಖ ತಿರುಗಿಸಿಕೊಂಡರು.

ಅವಳು ತಮ್ಮನ ಜೇಬಿಗೆ ಕೈಹಾಕಿ, ಬಲವಿಲ್ಲದ ಆ ಕೈಯನ್ನು ಹೊರತೆಗೆದಳು. ಎಲ್ಲರಿಗೂ ಕಾಣುವಂತೆ ಬಿಸಿಲಿನಲ್ಲಿ ತನ್ನ ಅಂಗೈ ಮೇಲಿಟ್ಟುಕೊಂಡು ಅವನನ್ನು ವ್ಯಾನಿನತ್ತ ನಡೆಸಿದಳು. ಅವನ ಉಗುರುಸಂದಿಗಳಲ್ಲೂ ಅದೇ ಹಸಿರು.