ತೊಳೆದ ಬಾಟಲಿ

ನಮ್ಮ ಅತ್ತೆ ಕಲ್ಯಾಣಮ್ಮನಿಗೆ ತೊಳೆಯುವ ಹುಚ್ಚು. ತಿಕ್ಕಿದ ತಂಬಿಗೆಯನ್ನು ಮತ್ತೆ ತಿಕ್ಕುವಳು, ನಾನು ತೊಳೆದಿಟ್ಟ ಬೇಳೆಯನ್ನು ಇನ್ನೊಮ್ಮೆ ತೊಳೆಯುವಳು. ಅದಕ್ಕಾಗಿ ನಾನು ಆಡದ ಜಗಳವಿಲ್ಲ. ಆ ಹುಚ್ಚು ಒಂದು ದಿನ ನನ್ನ ಗಂಡನ ಕುತ್ತಿಗೆಗೇ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ನಿಜಾಮರ ರಾಜ್ಯದ ಕೊನೆಯ ದಿನಗಳವು. ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಸಿಂಧನೂರು ಸಂತೆಯಿಂದ ಬರುತ್ತಿದ್ದ ನಮ್ಮ ಮನೆಯವರನ್ನು ಹಿಡಿದು, ಲಿಂಗಸುಗೂರು ದಾರಿಯ ಒಂದು ಪೊಲೀಸ್ ಚೌಕಿಯಲ್ಲಿ ಕೂಡಿಹಾಕಿದ್ದರು. ಗಡಿಯಾಚೆ ಶಿಬಿರ ಹೂಡಿ ನಿಜಾಮರ ವಿರುದ್ಧ ನಿಂತವರಿಗೆ ಜೋಳ ಕಳಿಸಿದರೆಂದು ಆರೋಪ. ಕಳಿಸಿದ್ದರೋ ಇಲ್ಲವೋ, ಆ ಮಹಾರಾಯ ನನಗೆ ಇವತ್ತಿಗೂ ಹೇಳಿಲ್ಲ. ಮರುದಿನ ದೂರದ ಜೇಲಿಗೆ ಒಯ್ಯುವವರಿದ್ದರು. ಹಾಗೆ ಹೋದವರಲ್ಲಿ ನಮ್ಮ ಓಣಿಗೆ ಯಾರೂ ತಿರುಗಿ ಬಂದಿರಲಿಲ್ಲ.

ಆ ಚೌಕಿಯ ಅಧಿಕಾರಿ ಅಮೀನನ ಮಾತು ತಂದವನು ಮಗ್ಗಲ ಮನೆಯ ಮಸ್ತಾನಸಾಬ. ಗಾಡಿ ಹೊಡೆಯುವವನು, ದೇವರಂಥ ಮನುಷ್ಯ.

"ತಂಗೀ, ಸಂಜಿಗೆ ಚೌಕಿಗೆ ದೊಡ್ಡ ಸಾಹೇಬರು ಬರಾಕತ್ಯಾರಂತ. ಅವರಿಗೆ ಅಮೆರಿಕಾದ ವಿಸ್ಕಿ ಬೇಕಂತ. ಬರ್ಬನ್ ಅಂತಾರಂತ ಅದಕ್ಕ. ಊಂಚಾ ಮಾಲು ತಂದ್ರ ನಿನ್ನ ಗಂಡ ಕರಿಬಸಪ್ಪನ್ನ ಬಿಡ್ತೀನಿ ಅಂದಾನ ಅಮೀನ. ಖೋಟಾ ತಂದ್ರ..."

"ತಂದ್ರ?"

"ತಂದವರೂ ಒಳಗ ಅಂದಾನ."

ಮೈದುನನಿಗೆ ಅದೇ ಹೊತ್ತಿಗೆ ಚಳಿಜ್ವರ ಬಂತು. ಥೂ, ಗಂಡಸಂತೆ ಗಂಡಸು! ಕೊನೆಗೆ ಹೊರಟವರು ಅತ್ತೆ, ನಾನು, ಮಸ್ತಾನಸಾಬ. ಸೇಂದಿ ಅಂಗಡಿಯ ಮುಂದೆ ಸೆರಗು ಮುಚ್ಚಿಕೊಂಡು ಓಡುವ ಲಿಂಗವಂತರ ಹೆಂಗಸರು ನಾವು, ವಿಸ್ಕಿ ಆರಿಸಲು ಹೊರಟಿದ್ದೆವು.

ಲಿಂಗಸುಗೂರಿನ ಹಳೆಯ ದಂಡಿನ ಪೇಟೆಯಲ್ಲಿ ಅಲ್ಲಾಭಕ್ಷ್ ಎಂಬ ಮುದುಕನ ಅಂಗಡಿ. ಸಾಹೇಬರು ಬಿಟ್ಟುಹೋದ ಕುರ್ಚಿ, ದೀಪ, ಬಾಟಲಿ ಮಾರುತ್ತಿದ್ದ. ಅತ್ತೆ ಗಾಡಿಯಿಂದ ಇಳಿಯಲಿಲ್ಲ.

"ಆ ಹೊಲಸಿನ ಮಾರಿ ನಾ ನೋಡಂಗಿಲ್ಲ," ಎಂದು ಮೂಗಿಗೆ ಸೆರಗು ಹಿಡಿದು ಕೂತಳು.

ಅಲ್ಲಾಭಕ್ಷ್ ನನ್ನ ಮುಂದೆ ಮೂರು ಬಾಟಲಿ ಇಟ್ಟ. ಯುದ್ಧ ಮುಗಿಸಿ ಹೋಗುವಾಗ ಅಮೆರಿಕದ ಸಿಪಾಯಿಗಳು ಹೈದರಾಬಾದಿನಲ್ಲಿ ಮಾರಿದ್ದಂತೆ. ಎರಡು ಥಳಥಳ ಹೊಳೆಯುತ್ತಿದ್ದವು, ಮೇಲೆ ಬಂಗಾರದ ಅಕ್ಷರ. ಮೂರನೆಯದಕ್ಕೆ ಧೂಳು ಮೆತ್ತಿತ್ತು, ಚೀಟಿಗೆ ಬೂಷ್ಟು ಹಿಡಿದಿತ್ತು, ಬಾಯಿಂದ ಕುತ್ತಿಗೆಯವರೆಗೆ ಕೆಂಪು ಅರಗು ಸುರಿದು ಹೆಪ್ಪುಗಟ್ಟಿತ್ತು.

"ಚಲೋದು ಯಾವುದು, ಚಾಚಾ?"

"ಮೂರೂ ಚಲೋ ಅಂತನಽ ಕೊಟ್ಟಾರ. ಒಳಗ ಏನೈತಿ, ಅಲ್ಲಾನಽ ಬಲ್ಲ ಬೇಟಿ. ಖಾಲಿ ಬಾಟ್ಲಿಗೆ ಕಳ್ಳಭಟ್ಟಿ ತುಂಬಿ ಮಾರೋ ಮಂದಿ ಅದಾರ. ಹಂಗ ಕುಡಿದು ಮೊನ್ನೆ ಒಬ್ಬಾಂವನ ಎರಡೂ ಕಣ್ಣು ಹೋದವು." ಮುದುಕ ದನಿ ತಗ್ಗಿಸಿದ. "ಮುಚ್ಚಳ ನೋಡು. ಮುದ್ರಿ ಒಡೀದಿದ್ರ ಯಾರೂ ಕೈ ಹಾಕಿಲ್ಲಂತ ತಿಳಕೋ."

ತುಪ್ಪವಾದರೆ ಮೂಸಿ ನೋಡುತ್ತಿದ್ದೆ, ಬೆಲ್ಲವಾದರೆ ಮುರಿದು ಬಾಯಿಗೆ ಹಾಕುತ್ತಿದ್ದೆ. ಇದಕ್ಕೇನು ಮಾಡಲಿ? ಮೊದಲನೆಯದನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಸಣ್ಣ ಕಸ ತೇಲಿತು. ಎರಡನೆಯದರ ಮುಚ್ಚಳ ಮುಟ್ಟಿದರೆ ಸಡಿಲಾಗಿ ತಿರುಗಿತು. ಮೂರನೆಯದರ ಅರಗು ಎಲ್ಲೂ ಬಿರುಕು ಬಿಟ್ಟಿರಲಿಲ್ಲ, ಒತ್ತಿದ ಮುದ್ರೆ ಹಾಗೇ ಇತ್ತು. ಈ ಕೊಳಕನ್ನು ಕಂಡು ಅಮೀನ ನನ್ನ ಮುಖಕ್ಕೇ ಎಸೆದರೆ ಎಂದು ಹೆದರಿಕೆಯಾಯಿತು. ಆದರೂ ಶಿವಶಿವಾ ಎಂದು ಅದನ್ನೇ ತೆಗೆದುಕೊಂಡು ಕೈಯ ಬಂಗಾರದ ಪಾಟಲಿ ಬಿಚ್ಚಿಕೊಟ್ಟೆ.

ಚೌಕಿಯ ಹತ್ತಿರ ಒಂದು ಬಾವಿ ಇತ್ತು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಯಲ್ಲಿ ಅತ್ತೆಯ ಪಕ್ಕಕ್ಕಿಟ್ಟು, ನಾನೂ ಮಸ್ತಾನಸಾಬನೂ ಮನೆಯವರಿಗೆ ರೊಟ್ಟಿ ಕೊಡಲು ಹೋದೆವು. ಅವರ ತುಟಿ ಒಡೆದು ಬಾತಿತ್ತು. ಸರಳಿನ ಸಂದಿಯಲ್ಲಿ ರೊಟ್ಟಿ ತೆಗೆದುಕೊಂಡು, "ಅವ್ವನ್ನ ಯಾಕ ಕರಕೊಂಡು ಬಂದಿ?" ಎಂದಷ್ಟೇ ಕೇಳಿದರು. ನನಗೆ ಅಳು ಬಂತು. ಅಳದೆ ತಿರುಗಿ ಬಂದೆ.

ಬಂದು ನೋಡಿದರೆ ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಬಾಟಲಿ. ಚೀಟಿ ಇಲ್ಲ, ಅರಗು ಇಲ್ಲ, ಬರೀ ಗಾಜು ಮಿಂಚುತ್ತಿದೆ.

"ಅಯ್ಯಯ್ಯೋ, ಏನ್ ಮಾಡಿದ್ರಿ ಇದು!"

"ಕುತ್ತಿಗಿ ತುಂಬ ರಗತ ಇಳದಿತ್ತವ್ವಾ. ಎಲ್ಲ್ಯೋ ದ್ಯಾವಮ್ಮಗ ಕುರಿ ಕಡದಲ್ಲಿ ಇಟ್ಟಿದ್ದು. ಅಂಥಾದ್ದು ಕೊಟ್ಟು ನನ್ನ ಮಗನ್ನ ಬಿಡಿಸ್ಕೊಳ್ಳಲೇನು? ಕೆರದು, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕೀನಿ. ನೋಡು, ಹೆಂಗ ಹೊಳಿಯಾಕತ್ತೈತಿ!"

"ನಿಮ್ಮ ತೊಳಿಯೋದಕ್ಕ ಬೆಂಕಿ ಹತ್ತಲಿ! ಆ ಅರಗಽ ಅದರ ಸಾಕ್ಷಿ ಆಗಿತ್ತ್ರಿ!"

ವಿಷಯ ತಿಳಿಸಿದೆ. ಅವಳ ಮುಖದ ಕಳೆಯೇ ಹೋಯಿತು. ಅಷ್ಟರಲ್ಲಿ ಚೌಕಿಯ ಜವಾನ ಕೂಗಿದ.

ಅಮೀನ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಚೀಟಿ ಎಲ್ಲಿ? ಮುದ್ರಿ ಎಲ್ಲಿ? ಗಾಣದ ಎಣ್ಣಿ ತಂದೀರೇನು? ಇಲ್ಲಾ ಜಹರೋ? ದೊಡ್ಡ ಸಾಹೇಬರಿಗೆ ಏನರ ಆದ್ರ ನನ್ನ ತಲಿ ಉಳಿಯಂಗಿಲ್ಲ. ಮೊದಲು ನೀವು ಕುಡೀರಿ."

ಬಿರಡೆ ತೆಗೆದು ಲೋಟಕ್ಕೆ ಸುರಿದ. ಘಾಟು ಮೂಗಿಗೆ ಬಡಿಯಿತು. ನಾನು ಕೈ ಚಾಚಿದೆ. ಮುದುಕ ಹೇಳಿದ ಆ ಎರಡು ಕಣ್ಣು ನೆನಪಾಗಿ ಕೈ ಗಾಳಿಯಲ್ಲೇ ನಿಂತಿತು. ನಾನು ಆರಿಸಿದ್ದು ತಪ್ಪಾಗಿದ್ದರೆ?

ಅತ್ತೆ ನನ್ನ ಕೈ ಸರಿಸಿದಳು. "ತೊಳದಾಕಿ ನಾನು. ಸರಿ ಈ ಕಡೆ."

ಕೊರಳಿನ ಶಿವದಾರ ಹಿಡಿದು ಲಿಂಗವಿದ್ದ ಬೆಳ್ಳಿಯ ಕರಡಿಗೆ ಹೊರತೆಗೆದಳು. ನಮ್ಮಲ್ಲಿ ಕೊರಳ ಲಿಂಗಕ್ಕೆ ತೋರಿಸದೆ ಗುಟುಕು ನೀರೂ ಬಾಯಿಗೆ ಹೋಗುವುದಿಲ್ಲ. ಆ ಲಿಂಗ ಮೈ ಬಿಟ್ಟಿತೆಂದರೆ ಉಸಿರು ಬಿಟ್ಟಂತೆಯೇ. ಅತ್ತೆ ಒಮ್ಮೆ ಲೋಟ ನೋಡಿದಳು, ಒಮ್ಮೆ ಕರಡಿಗೆ ನೋಡಿದಳು. ಆಮೇಲೆ ಶಿವದಾರದ ಗಂಟು ಬಿಚ್ಚಿ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟಳು.

"ಇದನ್ನ ನಮ್ಮ ಶಿವಗ ಹೆಂಗ ತೋರಸ್ಲಿ ಯವ್ವಾ? ನೀ ಹಿಡಕೋ."

ಒಂದೇ ಗುಟುಕಿಗೆ ಕುಡಿದಳು. ಕೆಮ್ಮಿದಳು, ಗೋಡೆ ಹಿಡಿದಳು, ಕಣ್ಣಲ್ಲಿ ನೀರು ಸುರಿಯಿತು. ಆದರೆ ಬೀಳಲಿಲ್ಲ. ಅಮೀನ ಎಷ್ಟೋ ಹೊತ್ತು ಅವಳನ್ನೇ ನೋಡುತ್ತಿದ್ದು, ಕೊನೆಗೆ ಜವಾನನಿಗೆ ಕೀಲಿ ಎಸೆದ.

ಹೊರಗೆ ಬಂದ ಮನೆಯವರು ತಾಯಿಯ ಕಾಲಿಗೆ ಬಗ್ಗಿದವರು ನನ್ನ ಕೈಯಲ್ಲಿದ್ದ ಕರಡಿಗೆ ಕಂಡು ಹಾಗೇ ನಿಂತುಬಿಟ್ಟರು. ಸರಳಿನ ಹಿಂದೆ ಕಾಣದ ಹೆದರಿಕೆ ಆಗ ಆ ಮುಖದಲ್ಲಿ ಕಂಡಿತು. "ಅವ್ವಾ!" ಎಂದರು.

ಅವಳು ಬಾಯಿ ತಿರುಗಿಸಿಕೊಂಡಳು. "ಸನೇಕ ಬರಬ್ಯಾಡಪ್ಪಾ, ನಾರಾಕತ್ತೈತಿ."

ಗಾಡಿ ಮಸ್ಕಿಯ ಕಡೆ ತಿರುಗಿತು. ಹೊತ್ತು ಮುಳುಗಿತ್ತು. ನಾನು ಅತ್ತೆಯ ಕಣ್ಣನ್ನೇ ನೋಡುತ್ತಿದ್ದೆ.

"ಅತ್ತೀ, ಆ ಗುಡ್ಡ ಕಾಣಸ್ತೈತೇನ್ರಿ?"

"ಮಬ್ಬಾಗೈತವ್ವಾ."

ಗುಡ್ಡ ನನಗೂ ಮಬ್ಬಾಗಿತ್ತು. ಅವಳ ಮಬ್ಬು ಕತ್ತಲೆಯದೋ, ವಿಸ್ಕಿಯದೋ? ಅವಳ ಮುಂದೆ ಬೆರಳು ಹಿಡಿದೆ. "ಏನೋ ಅಲ್ಲಾಡಾಕತ್ತೈತಿ," ಎಂದಳು. ಅಮೀನನನ್ನು ಬೈದೆ, ಅಮೆರಿಕದವರನ್ನು ಬೈದೆ, ಜ್ವರ ಬಂದ ಮೈದುನನನ್ನು ಬೈದೆ.

"ಮಸ್ತಾನಣ್ಣಾ, ಗಾಡಿ ನಿಂದ್ರಸು! ಕಂದೀಲು ಹಚ್ಚು!"

ಅವನು ಹಚ್ಚಿದ. ಮನೆಯವರು ಅದನ್ನು ಎತ್ತಿ ತಾಯಿಯ ಮುಖದ ಮುಂದೆ ಹಿಡಿದರು. ಅತ್ತೆ ರೆಪ್ಪೆ ಬಡಿದು ದಿಟ್ಟಿಸಿದಳು.

"ಏನೋ ಮಸ್ತಾನಾ, ಗಾಜು ಎಷ್ಟ್ ಹೊಲಸಾಗೈತೋ! ಒಮ್ಮ್ಯರ ತೊಳಿಯಬಾರದೇನು?"

ನಾನು ನಗುತ್ತಾ ಅತ್ತುಬಿಟ್ಟೆ, ಅಳುತ್ತಾ ನಕ್ಕೆ. ಆಮೇಲೆ ಕರಡಿಗೆ ಅವಳ ಮುಂದೆ ಹಿಡಿದೆ. ಅವಳು ಹಿಂದಕ್ಕೆ ಸರಿದಳು.

"ಬ್ಯಾಡ. ನಾ ಕುಡದಾಕಿ."

"ಬ್ಯಾಡಂತ ಶಿವ ಬಂದು ನಿಮ್ಮ ಕಿವ್ಯಾಗ ಹೇಳ್ಯಾನೇನು? ಬಗ್ಗಸ್ರಿ ಕುತ್ತಿಗಿ!"

ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಮಾತೂ ಕೇಳದವಳು ಸುಮ್ಮನೆ ಕುತ್ತಿಗೆ ಬಗ್ಗಿಸಿದಳು. "ಗಂಟು ಬಿಗಿ ಹಾಕವ್ವಾ," ಎಂದಳು ಸಣ್ಣ ದನಿಯಲ್ಲಿ. "ಇನ್ನೊಮ್ಮಿ ಬಿಚ್ಚಾಕ ಬರಬಾರದು ನನಗ."

ನಾನು ಎಷ್ಟು ಬಿಗಿದರೂ ಗಂಟು ಜಾರಿಹೋಯಿತು. ಕೊನೆಗೆ ಮನೆಯವರೇ ಕಂದೀಲನ್ನು ನನ್ನ ಕೈಗೆ ಕೊಟ್ಟು, ತಾಯಿಯ ಕೊರಳಿಗೆ ಶಿವದಾರ ಕಟ್ಟಿದರು.