ಕಾಮಾಲೆ ಎಲ್ಲಿಂದ ಬಂತು

೧೯೮೮ರಲ್ಲಿ, ದೀಪಾವಳಿ ಕಳೆದ ಮರುವಾರ ಮಗಳು ಗಂಗೆ ಬಟ್ಟೆಗಂಟು ಹಿಡಿದು ಕುಮಟೆಯ ನಮ್ಮ ಮನೆಗೆ ಬಂದಳು. ಮಾವಳ್ಳಿಯಲ್ಲಿ ಅಳಿಯ ಮಾಬ್ಲನಿಗೆ ಕಾಮಾಲೆಯಾಗಿತ್ತು. ಚಿಕ್ಕವಳಿದ್ದಾಗ ಗಂಗೆಗೂ ಆಗಿತ್ತೆಂದು ಯಾರೋ ಅಲ್ಲಿ ಹೇಳಿದ್ದರು. ಅಷ್ಟೇ ಸಾಕಾಯಿತು. ಅವಳ ಕೈಯ ಅಡುಗೆಯಿಂದಲೇ ಮಗನಿಗೆ ಬಂತೆಂದು ಅತ್ತೆ ದುರ್ಗಮ್ಮ ತವರಿಗೆ ಅಟ್ಟಿದ್ದಳು.

"ಅದೇ ಅಡುಗೆ ಉಂಡ ನಿನ್ನ ಅತ್ತೆಗೆ ಎಂತದೂ ಆಗಲಿಲ್ವಾ?" ಎಂದೆ.

"ಅವರ ಹತ್ರ ಬರೂಕೆ ಕಾಮಾಲೆಗೂ ಹೆದರಿಕೆ ಅಮ್ಮ."

ನಗು ಬಂತು. ಆದರೂ ಅವಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ರೆಪ್ಪೆ ಎಳೆದು ನೋಡಿದೆ. ಕಣ್ಣು ಬೆಳ್ಳಗಿತ್ತು. ಮೀನು ಕೊಯ್ದು, ಕೈ ತೊಳೆದು ಬಂದು ಇನ್ನೊಮ್ಮೆ ನೋಡಿದೆ.

ಮರುದಿನ ಇಬ್ಬರೂ ಮಾಬ್ಲನನ್ನು ನೋಡುತ್ತಿದ್ದ ಭಟ್ಕಳದ ಡಾಕ್ಟರ ಬಳಿ ಹೋದೆವು. ಮಾಬ್ಲ ತಾಯಿಯ ಜೊತೆ ಅಲ್ಲಿಯೇ ಕೂತಿದ್ದ. ಅವನ ರಕ್ತದ ಪರೀಕ್ಷೆಯ ವರದಿ ಮಂಗಳೂರಿನಿಂದ ಬಂದಿತ್ತು.

"ಗಂಗೆಗೆ ಆವಾಗ ಬಂದದ್ದು ನೀರಿನಿಂದ ಬರುವ ಕಾಮಾಲೆ ಇರಬೇಕು. ಅದು ಇಷ್ಟು ವರ್ಷ ಉಳಿಯೂದಿಲ್ಲ. ಇವನದು ಬೇರೆ. ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್ಸು," ಎಂದರು ಡಾಕ್ಟರು.

ನನಗೆ ಅವರ ಮಾತಿನ ಮೇಲೂ ಅನುಮಾನ. "ರಕ್ತ ಮೈಯೆಲ್ಲ ಹರೀತದಲ್ಲ, ಲಿವರಿಗೇ ಯಾಕೆ ಹಿಡಿಬೇಕು?"

"ಅದು ಅಂಟಿಕೊಳ್ಳುವ ಜಾಗ ಇರೂದು ಲಿವರಿನ ಜೀವಕೋಶದ ಮೇಲೆ. ಅಲ್ಲಿ ಹಿಡ್ಕೊಂಡು ಒಳಗೆ ಹೋಗ್ತದೆ. ಆ ಜಾಗ ಯಾವುದು ಅಂತ ವಿಜ್ಞಾನಿಗಳು ಇನ್ನೂ ಹುಡುಕ್ತಾ ಇದ್ದಾರೆ."

ಅಲೆ ಎಲ್ಲ ಕಡೆ ಹೊಡೆದರೂ ಚಿಪ್ಪು ಕಚ್ಚುವುದು ಬಂಡೆಯನ್ನು, ಮರಳನ್ನಲ್ಲ. ಅಷ್ಟು ತಿಳಿಯಿತು. ಆದರೆ ಬಂದದ್ದು ಯಾರ ರಕ್ತದಿಂದ?

ಡಾಕ್ಟರು ಸೂಜಿ, ಹಚ್ಚೆ, ಕ್ಷೌರ ಎಲ್ಲ ವಿಚಾರಿಸಿದರು. ಕ್ಷೌರವೆಂದಾಗ ಮಾಬ್ಲ ಗಲ್ಲ ಸವರಿಕೊಂಡ. ಮಳೆಗಾಲ ಮುಗಿದು ದೋಣಿ ಮೊದಲು ನೀರಿಗಿಳಿಯುವ ದಿನ, ದೋಣಿಯವರೆಲ್ಲ ಸಾಲಾಗಿ ಕೂತು ಒಂದೇ ಕತ್ತಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವುದು ಅವರ ಪದ್ಧತಿ. ಬೇರೆ ಕತ್ತಿ ಕೇಳಿದವನಿಗೆ ಆ ದೋಣಿಯಲ್ಲಿ ಜಾಗವಿಲ್ಲ. ಕತ್ತಿ ದುರ್ಗಮ್ಮನ ತಮ್ಮ ಬೊಮ್ಮಯ್ಯನದು. ಮಾಬ್ಲ ದುಡಿಯುವ ದೋಣಿಯೂ ಅವನದೇ. ಅದನ್ನೆಲ್ಲ ನಾನೇ ಡಾಕ್ಟರಿಗೆ ಹೇಳಿದೆ.

"ನನ್ನ ತಮ್ಮನ ಮೇಲೆ ಹಾಕ್ತ್ಯಾ?" ದುರ್ಗಮ್ಮ ನನ್ನತ್ತ ತಿರುಗಿದಳು. "ಅವ ಈಗ್ಲೂ ಕಲ್ಲಿನ ಹಾಂಗೆ ಗಟ್ಟಿ ಇದ್ದ."

"ಗಟ್ಟಿ ಇದ್ದವರ ರಕ್ತದಲ್ಲೂ ಇರ್ತದೆ," ಎಂದರು ಡಾಕ್ಟರು. "ಸಾಲಿನಲ್ಲಿ ಕೂತವರೆಲ್ಲ ಪರೀಕ್ಷೆ ಮಾಡಿಸಲಿ. ಗಂಡ ಹೆಂಡತಿ ಒಟ್ಟಿಗಿದ್ದವರು, ಗಂಗೆಯದೂ ನೋಡಬೇಕು."

ಅವಳ ರಕ್ತದಲ್ಲಿ ಸಿಕ್ಕರೆ, ಇವಳೇ ತಂದದ್ದೆಂದು ದುರ್ಗಮ್ಮ ಬಾಗಿಲು ಮುಚ್ಚುವುದು ಖಂಡಿತ. ಕಂಪೌಂಡರ್ ಸೂಜಿ ಎತ್ತಿದಾಗ ತಡೆದು, ನನ್ನೆದುರೇ ಮತ್ತೆ ಕುದಿಸಲು ಹೇಳಿದೆ. ಅವನು ಗೊಣಗುತ್ತ ಸ್ಟೋವ್ ಹಚ್ಚಿದ.

ಫಲಿತಾಂಶದ ದಿನ ನಾವು ನಾಲ್ವರೂ ಡಾಕ್ಟರ ಬಳಿ ಮತ್ತೆ ಸೇರಿದೆವು. ಗಂಗೆಯ ರಕ್ತದಲ್ಲಿ ಏನೂ ಇರಲಿಲ್ಲ. ಬೊಮ್ಮಯ್ಯ ಪರೀಕ್ಷೆಗೇ ಬಂದಿರಲಿಲ್ಲ.

ಬಸ್ ನಿಲ್ದಾಣದಲ್ಲಿ ದುರ್ಗಮ್ಮ ಗಂಗೆಗೆ, "ಆತು, ನಡಿ ಮನೆಗೆ," ಎಂದಳು.

ಗಂಗೆ ಗಂಡನನ್ನು ಕೇಳಿದಳು: "ಮುಂದಿನ ವರ್ಷ ಆ ಕತ್ತಿಗೆ ಮತ್ತೆ ಗಲ್ಲ ಕೊಡ್ತ್ರಾ?"

ಮಾಬ್ಲ ತಾಯಿಯ ಮುಖ ನೋಡಿದ.

ಕುಮಟೆಯ ಬಸ್ಸು ಬಂತು. ಗಂಗೆ ನನಗಿಂತ ಮೊದಲೇ ಹತ್ತಿ ಕೂತಳು.